ಪೊರೆ ಒಂದೇ ಕಣ್ಣಿಗೆ ಬಂದಾಗ ಎಷ್ಟು ನಂಬರ್ ಉಳಿಸಿಕೊಳ್ಳಬೇಕು?

"ಬಲಗಣ್ಣಿನ ಪೊರೆ ತೆಗೆಸಬೇಕು. ಎಡಗಣ್ಣು ಚೆನ್ನಾಗಿದೆ, ಸದ್ಯಕ್ಕೆ ಅದರ ತಂಟೆಗೆ ಹೋಗೋದು ಬೇಡ" ಎಂದು ಡಾಕ್ಟರು ಹೇಳಿದಾಗ ಅರ್ಧ ಗೆದ್ದೆ ಅಂದುಕೊಂಡಿದ್ದೆ. ನನ್ನದು ಎರಡೂ ಕಣ್ಣು ಮೈನಸ್ 6ರ ಆಸುಪಾಸು. ಏಳನೇ ಕ್ಲಾಸಿನಿಂದ ದಪ್ಪ ಕನ್ನಡಕ. ಆಪರೇಷನ್‌ಗೆ ಮುಂಚೆ ನನ್ನನ್ನು ಕೇಳಿದ್ದು ಯಾವ ಲೆನ್ಸ್ ಹಾಕಿಸ್ತೀರಿ, ಸಾದಾನೋ ದುಬಾರಿದೋ ಅನ್ನೋದೊಂದೇ. ಸಾದಾ ಅಂದೆ. ಆಪರೇಷನ್ ಚೆನ್ನಾಗೇ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದರೆ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಬಲಗಣ್ಣಿಗೆ ಕನ್ನಡಕವಿಲ್ಲದೆ ಕಾಣುತ್ತಿತ್ತು. ಎಡಗಣ್ಣು ಹಳೇ ಮೈನಸ್ 6ರಲ್ಲೇ ಕೂತಿತ್ತು. ಹಳೇ ಕನ್ನಡಕ ಹಾಕಿದರೆ ಬಲಗಣ್ಣು ಮಂಜು, ತೆಗೆದರೆ ಎಡಗಣ್ಣು ಮಂಜು. ಬಲಗಡೆಯ ಗಾಜು ಮಾತ್ರ ತೆಗೆಸಿ ಹಾಕಿಕೊಂಡೆ. ಒಂದೇ ಬಾಗಿಲು ಎರಡು ಅಳತೆಯಲ್ಲಿ ಕಂಡು ಹೊಟ್ಟೆ ತೊಳಸಿತು.

ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು. ಲೆನ್ಸ್ ಯಾವುದು ಅನ್ನೋದಕ್ಕೆ ಮುಂಚೆ, ಆಪರೇಷನ್ ಆದ ಕಣ್ಣಿನಲ್ಲಿ ಎಷ್ಟು ನಂಬರ್ ಉಳಿಯಬೇಕು ಅನ್ನೋದು ತೀರ್ಮಾನವಾಗಬೇಕು. ಆ ತೀರ್ಮಾನ ಮಾಡುವುದು ಆಪರೇಷನ್ ಆಗದ ಕಣ್ಣು. ನಾನು ಆಮೇಲೆ ಕಲಿತದ್ದನ್ನು ನೀವು ಮೊದಲೇ ಕಲಿಯಿರಿ ಎಂದು ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇದು ಡಾಕ್ಟರ ಸಲಹೆಗೆ ಬದಲಿ ಅಲ್ಲ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನೋದರ ತಯಾರಿ ಅಷ್ಟೇ.

ಮೊದಲು ತೊಡಕು ಎಲ್ಲಿದೆ ನೋಡಿ

ಪೊರೆ ಅಂದರೆ ಕಣ್ಣೊಳಗಿನ ಮಸೂರ ಮಬ್ಬಾಗುವುದು. ಆಪರೇಷನ್‌ನಲ್ಲಿ ಅದನ್ನು ತೆಗೆದು ಆ ಜಾಗದಲ್ಲಿ ಪ್ಲಾಸ್ಟಿಕ್ ಲೆನ್ಸ್ ಇಡುತ್ತಾರೆ. ಇಡುವ ಲೆನ್ಸಿನ ಪವರ್ ಹೆಚ್ಚುಕಡಿಮೆ ಮಾಡಿ ಕಣ್ಣಿನ ಕೊನೆಯ ನಂಬರ್ ಎಷ್ಟಿರಬೇಕೆಂದು ಗುರಿ ಇಡಬಹುದು. ಸೊನ್ನೆಯೂ ಆಗಬಹುದು, ಮೈನಸ್ 1 ಆಗಬಹುದು, ಮೈನಸ್ 3 ಕೂಡ ಆಗಬಹುದು. ಯಾರೂ ಏನೂ ಹೇಳದಿದ್ದರೆ ಸಾಮಾನ್ಯವಾಗಿ ಸೊನ್ನೆಗೇ, ಅಂದರೆ ದೂರದ ನೋಟಕ್ಕೇ, ಗುರಿ ಇಡುತ್ತಾರೆ.

ಎರಡೂ ಕಣ್ಣಿಗೆ ಆಪರೇಷನ್ ಆಗುವವರಿಗೆ ಇದು ಸರಿಹೋಗುತ್ತದೆ. ಒಂದೇ ಕಣ್ಣಿನವರಿಗೆ ಇನ್ನೊಂದು ಕಣ್ಣು ಎಲ್ಲಿ ನಿಂತಿದೆ ಅನ್ನೋದು ಮುಖ್ಯ. ಕನ್ನಡಕದ ಗಾಜು ಕಣ್ಣಿನಿಂದ ಸ್ವಲ್ಪ ದೂರದಲ್ಲಿ ಇರುವುದರಿಂದ ಮೈನಸ್ ಗಾಜು ವಸ್ತುವನ್ನು ಚಿಕ್ಕದಾಗಿ, ಪ್ಲಸ್ ಗಾಜು ದೊಡ್ಡದಾಗಿ ತೋರಿಸುತ್ತದೆ. ಒಂದು ನಂಬರಿಗೆ ಸುಮಾರು ಒಂದೂವರೆಯಿಂದ ಎರಡು ಪರ್ಸೆಂಟ್ ವ್ಯತ್ಯಾಸ. ನನ್ನ ಹಾಗೆ ಆರು ನಂಬರ್ ಅಂತರ ಬಿದ್ದರೆ ಒಂದು ಕಣ್ಣಿನ ಚಿತ್ರಕ್ಕಿಂತ ಇನ್ನೊಂದರದ್ದು ಹತ್ತರಲ್ಲೊಂದು ಪಾಲು ಚಿಕ್ಕದು. ಅಂಥ ಎರಡು ಚಿತ್ರಗಳನ್ನು ಬೆಸೆಯಲು ಮಿದುಳು ಒಪ್ಪುವುದಿಲ್ಲ. ತಲೆನೋವು, ತಲೆಸುತ್ತು, ಮೆಟ್ಟಿಲಿನ ಅಂದಾಜು ತಪ್ಪುವುದು, ಕೆಲವರಿಗೆ ಎರಡೆರಡು ಕಾಣುವುದು.

ಗಾಜಿನ ನಡುಭಾಗ ಬಿಟ್ಟು ಕೆಳಗೆ ನೋಡಿದಾಗ ಇನ್ನೊಂದು ತಾಪತ್ರಯ ಸೇರಿಕೊಳ್ಳುತ್ತದೆ. ನಂಬರ್ ಬೇರೆಬೇರೆ ಇರುವ ಎರಡು ಗಾಜುಗಳು ಬೆಳಕನ್ನು ಬೇರೆಬೇರೆಯಷ್ಟು ಬಗ್ಗಿಸುತ್ತವೆ. ಒಂದು ಚಿತ್ರ ಮೇಲೆ, ಇನ್ನೊಂದು ಕೆಳಗೆ ಸರಿಯುತ್ತದೆ. ಓದುವಾಗ ಸಾಲಿನ ಮೇಲೆ ಸಾಲು ಕೂತ ಹಾಗೆ ಕಾಣುವುದು ಇದರಿಂದಲೇ.

ಎರಡು ಕಣ್ಣಿನ ನಡುವೆ ಎರಡರಿಂದ ಮೂರು ನಂಬರ್‌ವರೆಗಿನ ಅಂತರವನ್ನು ಹೆಚ್ಚಿನವರು ಕನ್ನಡಕದಲ್ಲಿ ತಡೆದುಕೊಳ್ಳುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಕಷ್ಟ. ಚಿಕ್ಕಂದಿನಿಂದಲೂ ಎರಡು ಕಣ್ಣಿನ ನಂಬರ್ ಬೇರೆಬೇರೆ ಇದ್ದವರು ಇನ್ನೂ ಹೆಚ್ಚು ತಾಳಬಲ್ಲರು. ಅವರ ಮಿದುಳಿಗೆ ಅದು ರೂಢಿ.

ಒಂದೇ ಕಣ್ಣಿನ ಆಪರೇಷನ್ ಹಿಂದೆ ಎಷ್ಟು ಕಷ್ಟದ್ದಾಗಿತ್ತು ಅನ್ನೋದಕ್ಕೆ ಚಿತ್ರಕಾರ ಕ್ಲೋದ್ ಮೊನೆ ಸಾಕ್ಷಿ. 1923ರಲ್ಲಿ ಅವರ ಬಲಗಣ್ಣಿನ ಪೊರೆ ತೆಗೆದರು. ಕಣ್ಣೊಳಗೆ ಲೆನ್ಸ್ ಇಡುವುದು ಆಗಿನ್ನೂ ಇರಲಿಲ್ಲ. ದಪ್ಪ ಪ್ಲಸ್ ಗಾಜೇ ಗತಿ. ಆ ಗಾಜು ಎಲ್ಲವನ್ನೂ ಕಾಲು ಭಾಗ ದೊಡ್ಡದು ಮಾಡಿ ತೋರಿಸುತ್ತದೆ. ಆಕಾರ ಡೊಂಕು, ಬಣ್ಣ ವಿಪರೀತ ಎಂದು ಅವರು ಗೊಣಗಿಕೊಂಡೇ ಇದ್ದರು, ಎಡಗಣ್ಣನ್ನು ಕೊನೆಯವರೆಗೂ ಮುಟ್ಟಗೊಡಲಿಲ್ಲ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣೊಳಗೇ ಲೆನ್ಸ್ ಇಟ್ಟ ಮೇಲೆ ಆ ಕಾಲ ನಿಧಾನವಾಗಿ ಮುಗಿಯಿತು. ಈಗ ನಮಗೆ ಉಳಿದಿರುವುದು ಅದರ ಸಣ್ಣ ರೂಪ.

ಹಂತ 1: ಆಪರೇಷನ್ ಆಗದ ಕಣ್ಣಿನ ಜಾತಕ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಇವಿಷ್ಟು ಬರೆಯಿರಿ: ಆ ಕಣ್ಣಿನ ನಂಬರ್, ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮ ಇಲ್ಲದ್ದಕ್ಕೆ ಕೊಡುವ ನಂಬರ್) ಇದ್ದರೆ ಅದೂ. ಅದರಲ್ಲೂ ಪೊರೆ ಶುರುವಾಗಿದೆಯೇ, ಆಗಿದ್ದರೆ ಒಂದೆರಡು ವರ್ಷದ ಮಾತೋ ಹತ್ತು ವರ್ಷದ ಮಾತೋ. ನಿಮಗೆ ಚಾಳೀಸು ಬಂದಿದೆಯೇ, ಅಂದರೆ ಆ ಕಣ್ಣು ಹತ್ತಿರದ್ದನ್ನು ತಾನಾಗಿ ಹೊಂದಿಸಿಕೊಳ್ಳುವ ಶಕ್ತಿ ಕಳೆದುಕೊಂಡಿದೆಯೇ. ಹಿಂದೆ ನಂಬರ್ ತೆಗೆಯುವ ಲೇಸರ್ ಮಾಡಿಸಿದ್ದೀರಾ.

ಪೊರೆ ಬಂದ ಕಣ್ಣಿನ ಈಗಿನ ನಂಬರನ್ನು ಮಾತ್ರ ನಂಬಬೇಡಿ. ಮಸೂರದ ತಿರುಳು ಗಟ್ಟಿಯಾಗುವ ಬಗೆಯ ಪೊರೆ ಕಣ್ಣನ್ನು ಮೈನಸ್ ಕಡೆಗೆ ಎಳೆಯುತ್ತದೆ. ಎರಡು ವರ್ಷದಲ್ಲಿ ಮೂರು ಸಲ ಗಾಜು ಬದಲಾಯಿಸಿದ್ದೀರಾದರೆ ಅದೇ ಕಾರಣ ಇರಬಹುದು. ಐದಾರು ವರ್ಷ ಹಿಂದಿನ ಕನ್ನಡಕದ ಚೀಟಿ ಹುಡುಕಿಡಿ. ನಿಮ್ಮ ನಿಜವಾದ ನಂಬರ್ ಅದರಲ್ಲಿದೆ.

ಪೊರೆ ಒಂದೇ ಕಣ್ಣಿಗೆ ಏಕೆ ಬಂತು ಅನ್ನೋದನ್ನೂ ಕೇಳಿ. ಹಳೇ ಪೆಟ್ಟು, ಕಣ್ಣೊಳಗಿನ ಉರಿಯೂತ, ಸ್ಟೀರಾಯ್ಡ್ ಹನಿ, ರೆಟಿನಾ (ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ಪರದೆ) ಆಪರೇಷನ್ ಇವೆಲ್ಲ ಒಂದು ಕಣ್ಣಿಗೆ ಬೇಗ ಪೊರೆ ತರುತ್ತವೆ. ಆ ಕಣ್ಣಿನ ರೆಟಿನಾ ಮೊದಲೇ ಸೊರಗಿದ್ದರೆ, ಅಥವಾ ಚಿಕ್ಕಂದಿನಿಂದ ಅದು ನೋಟ ಸರಿಯಾಗಿ ಬೆಳೆಯದ ಸೋಮಾರಿ ಕಣ್ಣಾಗಿದ್ದರೆ, ಎಂಥ ಲೆನ್ಸ್ ಹಾಕಿದರೂ ನೋಟ ಅಷ್ಟಕ್ಕೇ ನಿಲ್ಲುತ್ತದೆ. ರೆಟಿನಾ ಸ್ಕ್ಯಾನ್ ಮೊದಲೇ ಮಾಡಿಸಿದ್ದರೆ ಆಮೇಲೆ ನಿರಾಸೆ ಇಲ್ಲ.

ಹಂತ 2: ಟೇಪು ಹಿಡಿದು ನಿಮ್ಮ ದಿನ ಅಳೆಯಿರಿ

ದಿನದಲ್ಲಿ ಹೆಚ್ಚು ಹೊತ್ತು ಯಾವ ದೂರಕ್ಕೆ ನೋಡುತ್ತೀರಿ? ಪುಸ್ತಕ, ಮೊಬೈಲು ಸುಮಾರು 40 ಸೆಂಟಿಮೀಟರ್. ಅಲ್ಲಿ ಸ್ಪಷ್ಟವಾಗಿ ಕಾಣಬೇಕಾದರೆ ಕಣ್ಣು ಮೈನಸ್ 2.5 ಇರಬೇಕು. ಕಂಪ್ಯೂಟರ್ 65 ಸೆಂಟಿಮೀಟರ್, ಅದಕ್ಕೆ ಮೈನಸ್ 1.5. ಒಂದು ಮೀಟರಿಗೆ ಮೈನಸ್ 1. ಸೊನ್ನೆ ಅಂದರೆ ರಸ್ತೆ, ಕ್ಲಾಸಿನ ಬೋರ್ಡು, ಎದುರು ಬರುವವರ ಮುಖ. ಲೆಕ್ಕ ಸುಲಭ: 100ನ್ನು ಸೆಂಟಿಮೀಟರ್ ದೂರದಿಂದ ಭಾಗಿಸಿದರೆ ನಂಬರ್ ಬರುತ್ತದೆ.

ಇಲ್ಲಿ ಮೈನಸ್ ಕಣ್ಣಿನವರಿಗೆ ಒಂದು ಎಚ್ಚರಿಕೆ. ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದು ಸಣ್ಣ ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಕೈಗೆ ಹೊಕ್ಕ ಮುಳ್ಳು ತೆಗೆಯುವುದು ನಮಗೆ ಹುಟ್ಟಾ ಬಂದ ವರ. ಕಣ್ಣನ್ನು ಸೊನ್ನೆಗೆ ತಂದ ದಿನ ಆ ವರ ಹೋಗುತ್ತದೆ. ಒಳಗಿಟ್ಟ ಸಾದಾ ಲೆನ್ಸ್ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಒಂದೇ ದೂರಕ್ಕೆ ನಿಂತಿರುತ್ತದೆ. ದೂರ ಚೆನ್ನಾಗಿ ಕಾಣುವ ಖುಷಿ ಒಂದು ವಾರ, ಆಮೇಲೆ ಮೊಬೈಲಿಗೆ ಕನ್ನಡಕ ಹುಡುಕುವ ಸಿಟ್ಟು ಜೀವನಪೂರ್ತಿ ಎಂದ ಮೈನಸ್‌ನವರನ್ನು ನಾನೇ ಕಂಡಿದ್ದೇನೆ. ಓದು, ಹೊಲಿಗೆ, ಸಣ್ಣ ರಿಪೇರಿ ಕೆಲಸದವರು ಇದನ್ನು ಎರಡು ಸಲ ಯೋಚಿಸಿ.

ಹಂತ 3: ಗುರಿ ನಂಬರ್ ಆರಿಸಿ

ಇದೇ ಮುಖ್ಯ ಹಂತ. ನಿಮ್ಮ ಇನ್ನೊಂದು ಕಣ್ಣು ಯಾವ ಗುಂಪಿಗೆ ಸೇರುತ್ತದೆ ನೋಡಿಕೊಳ್ಳಿ.

ಇನ್ನೊಂದು ಕಣ್ಣು ಸೊನ್ನೆಗೆ ಹತ್ತಿರ ಇದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗುರಿ ಸೊನ್ನೆ, ಅಥವಾ ಹತ್ತಿರದ್ದಕ್ಕೆ ಸ್ವಲ್ಪ ಅನುಕೂಲವಾಗಲೆಂದು ಮೈನಸ್ ಅರ್ಧದಿಂದ ಮುಕ್ಕಾಲು. ಓದಲು ಚಾಳೀಸು ಕನ್ನಡಕ.

ಇನ್ನೊಂದು ಕಣ್ಣು ಮೈನಸ್ 1ರಿಂದ 2.5ರ ಒಳಗೆ ಇದ್ದರೆ ನೀವು ಅದೃಷ್ಟವಂತರು. ಆಪರೇಷನ್ ಕಣ್ಣನ್ನು ಸೊನ್ನೆಗೆ ತಂದರೆ ಅದು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ. ಇದಕ್ಕೆ ಮೊನೋವಿಷನ್ ಅನ್ನುತ್ತಾರೆ. ಕನ್ನಡಕವಿಲ್ಲದೆ ಬಹಳಷ್ಟು ಕೆಲಸ ಸಾಗುತ್ತದೆ, ಅಂತರ ಕಡಿಮೆ ಇರುವುದರಿಂದ ಬೇಕಾದಾಗ ಕನ್ನಡಕವನ್ನೂ ಹಾಕಬಹುದು. ಆಳದ ಅಂದಾಜು ತುಸು ಕಡಿಮೆಯಾಗುತ್ತದೆ. ರಾತ್ರಿ ಗಾಡಿ ಓಡಿಸುವವರು ಆ ಹೊತ್ತಿಗೆ ಕನ್ನಡಕ ಹಾಕಿಕೊಳ್ಳುವುದೇ ವಾಸಿ. ಸಾಮಾನ್ಯವಾಗಿ ಪ್ರಧಾನ ಕಣ್ಣು, ಅಂದರೆ ಮಿದುಳು ಹೆಚ್ಚು ನೆಚ್ಚುವ ಕಣ್ಣು, ದೂರಕ್ಕೆ ಇರಲಿ ಅನ್ನುತ್ತಾರೆ. ಯಾವುದು ಪ್ರಧಾನ ಅನ್ನೋದಕ್ಕೆ ಎರಡು ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ ದೂರದ ವಸ್ತುವೊಂದನ್ನು ಅದರಲ್ಲಿ ಹಿಡಿಯಿರಿ. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ತೆರೆದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು. ಪೊರೆ ದಟ್ಟವಾಗಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಚೆನ್ನಾಗಿರುವ ಕಣ್ಣೇ ಗೆಲ್ಲುತ್ತದೆ.

ಇನ್ನೊಂದು ಕಣ್ಣು ಮೈನಸ್ 4 ದಾಟಿದ್ದರೆ ಜಗ್ಗಾಟ ಶುರು. ದಾರಿ ಎರಡು. ಮೊದಲನೆಯದು, ಆಪರೇಷನ್ ಕಣ್ಣಿನಲ್ಲೂ ಮೈನಸ್ ಉಳಿಸಿಕೊಳ್ಳುವುದು. ನನ್ನಂಥ ಮೈನಸ್ 6ರವರು ಮೈನಸ್ 3 ಕೇಳಬಹುದಿತ್ತು. ಅಂತರ ಮೂರಕ್ಕೆ ಇಳಿಯುತ್ತದೆ, ಎರಡೂ ಕಣ್ಣಿಗೆ ಕನ್ನಡಕ ಹಾಕಬಹುದು, ಕನ್ನಡಕ ತೆಗೆದರೆ ಪುಸ್ತಕ ಓದಬಹುದು. ಮುಂದೆ ಎರಡನೇ ಕಣ್ಣಿಗೆ ಪೊರೆ ಬಂದಾಗ ಅದನ್ನೂ ಮೈನಸ್ 3ಕ್ಕೋ, ಮೈನಸ್ 1.5ಕ್ಕೋ ತಂದರಾಯಿತು. ಬೆಲೆ ಏನೆಂದರೆ, ದೂರಕ್ಕೆ ಜೀವನಪೂರ್ತಿ ಕನ್ನಡಕ ಬೇಕು. ಎರಡನೆಯದು, ಸೊನ್ನೆಗೆ ತಂದು, ಇನ್ನೊಂದು ಕಣ್ಣಿನ ಅಂತರವನ್ನು ಬೇರೆ ಉಪಾಯದಿಂದ ತುಂಬುವುದು. ಆ ಉಪಾಯ ನಿಮ್ಮ ಕೈಲಾಗುತ್ತದೆ ಎಂದು ಆಪರೇಷನ್‌ಗೆ ಮುಂಚೆಯೇ ಖಾತ್ರಿ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಇನ್ನೊಂದು ಕಣ್ಣು ಪ್ಲಸ್ 3, ಪ್ಲಸ್ 4 ಇರುವವರಲ್ಲಿ ಕೆಲವರಿಗೆ "ಅದಕ್ಕೆ ಹೊಂದುವ ಹಾಗೆ ಇದನ್ನೂ ಪ್ಲಸ್ ಇಟ್ಟುಬಿಡೋಣ" ಅನ್ನಿಸುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ಲಸ್ ಉಳಿದ, ಹಿಗ್ಗದ ಲೆನ್ಸಿನ ಕಣ್ಣಿಗೆ ಕನ್ನಡಕವಿಲ್ಲದೆ ಯಾವ ದೂರವೂ ಸ್ಪಷ್ಟ ಇರುವುದಿಲ್ಲ. ಸೊನ್ನೆಗೆ ತಂದು ಇನ್ನೊಂದು ಕಣ್ಣಿನ ದಾರಿ ನೋಡುವುದೇ ಮೇಲು.

ಹಂತ 4: ಉಳಿದ ಅಂತರ ತುಂಬುವುದು ಹೇಗೆ?

ಕಾಂಟ್ಯಾಕ್ಟ್ ಲೆನ್ಸ್ ಎಲ್ಲಕ್ಕಿಂತ ಸರಳ. ಅದು ಕಣ್ಣಿನ ಮೇಲೆಯೇ ಕೂರುವುದರಿಂದ ಚಿತ್ರದ ಅಳತೆ ಬಹುಪಾಲು ಸಮ, ಕಣ್ಣಿನ ಜೊತೆಗೇ ತಿರುಗುವುದರಿಂದ ಸಾಲು ಮೇಲೆಕೆಳಗಾಗುವ ಕಾಟವೂ ಇಲ್ಲ. ಬೇಡವಾದರೆ ತೆಗೆದಿಡಬಹುದು. ನಾನು ಕೊನೆಗೆ ಇದಕ್ಕೇ ಬಂದೆ. ಎಡಗಣ್ಣಿಗೆ ಲೆನ್ಸ್ ಹಾಕಿದ ದಿನ ಬಾಗಿಲು ಒಂದೇ ಬಾಗಿಲಾಯಿತು. ಪೂರ್ತಿ ಆರು ನಂಬರ್ ಹಾಕದೆ ನಾಲ್ಕೂವರೆ ಹಾಕಿಸಿಕೊಂಡಿದ್ದೇನೆ. ಉಳಿದ ಒಂದೂವರೆಯಲ್ಲಿ ಕಂಪ್ಯೂಟರ್ ಕಾಣುತ್ತದೆ. ಆದರೆ ಕಣ್ಣು ಒಣಗುವವರಿಗೆ, ಕೈ ನಡುಗುವವರಿಗೆ, ಕಣ್ಣಿಗೆ ಬೆರಳು ತಾಗಿಸಲಾರದವರಿಗೆ ಇದು ಆಗದು. ಲೆನ್ಸ್ ಹಾಕಿಕೊಂಡೇ ಮಲಗುವುದು, ನಲ್ಲಿ ನೀರಲ್ಲಿ ತೊಳೆಯುವುದು ಕಣ್ಣಿಗೆ ಸೋಂಕು ಕರೆದುಕೊಂಡ ಹಾಗೆ.

ಲೇಸರ್ ಅಥವಾ ಮಸೂರ ತೆಗೆಯದೆ ಅದರ ಮುಂದೆ ಒಳಗಿಡುವ ಐಸಿಎಲ್ ಲೆನ್ಸ್ ಕಿರಿಯರಿಗೆ ಹೊಂದುತ್ತದೆ. ಪೆಟ್ಟು ಬಿದ್ದು ಒಂದು ಕಣ್ಣಿಗೆ ಪೊರೆ ಬಂದ ಮೂವತ್ತರ ವಯಸ್ಸಿನವರಿಗೆ ಇನ್ನೊಂದು ಕಣ್ಣಿನ ಮಸೂರ ಇನ್ನೂ ದಶಕಗಳ ಕಾಲ ಚೆನ್ನಾಗಿರುತ್ತದೆ; ಅದನ್ನು ಉಳಿಸಿಕೊಂಡೇ ನಂಬರ್ ತೆಗೆಯಬಹುದು. ಆದರೆ ಅದರಲ್ಲೂ ಪೊರೆ ಶುರುವಾಗಿದ್ದರೆ ಲೇಸರ್ ವ್ಯರ್ಥ ಖರ್ಚು. ಮೇಲಾಗಿ ಲೇಸರ್ ಆದ ಕಣ್ಣಿಗೆ ಮುಂದೆ ಲೆನ್ಸ್ ಪವರ್ ಲೆಕ್ಕ ಹಾಕುವುದು ತೊಡಕು.

ಎರಡನೇ ಕಣ್ಣಿನ ಆಪರೇಷನ್ನೂ ಮಾಡಿಸಿಬಿಡುವುದು ಇನ್ನೊಂದು ದಾರಿ. ಆ ಕಣ್ಣಿನಲ್ಲಿ ಸ್ವಲ್ಪ ಪೊರೆ ಇದ್ದು, ಅಂತರ ತಾಳಲಾಗದಿದ್ದರೆ ಅದನ್ನೇ ಕಾರಣವಾಗಿ ಒಪ್ಪುವ ಡಾಕ್ಟರುಗಳಿದ್ದಾರೆ. ಆದರೆ ತಿಳಿಯಾದ ಮಸೂರವನ್ನು ಬರೀ ಸಮತೋಲಕ್ಕಾಗಿ ತೆಗೆಸುವ ಮುಂಚೆ ನಿಲ್ಲಿ. ಹೆಚ್ಚು ಮೈನಸ್ ಇರುವ ಕಣ್ಣು ಉದ್ದದ ಕಣ್ಣು, ರೆಟಿನಾ ತೆಳು. ಮಸೂರ ತೆಗೆದ ಮೇಲೆ ರೆಟಿನಾ ಕಳಚುವ ಅಪಾಯ ಅದರಲ್ಲಿ ಹೆಚ್ಚು, ವಯಸ್ಸು ಕಡಿಮೆ ಇದ್ದಷ್ಟೂ ಇನ್ನೂ ಹೆಚ್ಚು. ಹತ್ತಿರದ್ದನ್ನು ಹೊಂದಿಸಿಕೊಳ್ಳುವ ಶಕ್ತಿ ಉಳಿದಿದ್ದರೆ ಅದೂ ಅಂದೇ ಹೋಗುತ್ತದೆ.

ಕನ್ನಡಕವೇ ಸಾಕು ಅನ್ನುವವರು ಚಿಕ್ಕ ಫ್ರೇಮ್, ಕಣ್ಣಿಗೆ ಹತ್ತಿರ ಕೂರುವಂಥದ್ದು ಆರಿಸಿ. ಮೇಲೆ ದೂರ, ಕೆಳಗೆ ಹತ್ತಿರ ಒಂದರಲ್ಲೇ ಕೊಡುವ ಪ್ರೋಗ್ರೆಸಿವ್ ಗಾಜಿಗಿಂತ ದೂರಕ್ಕೊಂದು, ಓದಲು ಒಂದು ಬೇರೆಬೇರೆ ಕನ್ನಡಕ ಒಳ್ಳೆಯದು. ಗಾಜಿನ ನಡುಭಾಗದಿಂದಲೇ ನೋಡಬಹುದು.

ಹಂತ 5: ಈಗ ಲೆನ್ಸಿನ ಬಗೆ

ಗುರಿ ನಂಬರ್ ಗೊತ್ತಾದ ಮೇಲೆ ಇದು ಬೇಗ ಮುಗಿಯುತ್ತದೆ. ಸಾದಾ ಲೆನ್ಸಿಗೆ ಮೊನೋಫೋಕಲ್ ಎಂದು ಹೆಸರು. ಒಂದೇ ದೂರ, ಚಿತ್ರ ಸ್ವಚ್ಛ. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಸುಮಾರು ಒಂದು ನಂಬರಿಗಿಂತ ಹೆಚ್ಚು ಸಿಲಿಂಡರ್ ಇದ್ದರೆ ಅದನ್ನು ಸರಿಪಡಿಸುವ ಟೋರಿಕ್ ಲೆನ್ಸ್ ಕೇಳಿ. ಅದು ನಿಗದಿತ ಕೋನದಲ್ಲೇ ಕೂರಬೇಕು. ಒಂದು ಡಿಗ್ರಿ ತಿರುಗಿದರೆ ಸುಮಾರು ಮೂರು ಪರ್ಸೆಂಟ್ ಗುಣ ಕಡಿಮೆ, 30 ಡಿಗ್ರಿ ತಿರುಗಿದರೆ ಹಾಕಿದ್ದೂ ಒಂದೇ ಬಿಟ್ಟದ್ದೂ ಒಂದೇ.

ಮಲ್ಟಿಫೋಕಲ್, ಟ್ರೈಫೋಕಲ್ ಲೆನ್ಸುಗಳು ಬೆಳಕನ್ನು ಹಂಚಿ ದೂರ, ಹತ್ತಿರ ಎರಡನ್ನೂ ಕೊಡುತ್ತವೆ. ಹಂಚಿದ್ದರಿಂದ ಕಾಂಟ್ರಾಸ್ಟ್ ಕಡಿಮೆ, ರಾತ್ರಿ ದೀಪಗಳ ಸುತ್ತ ಬಳೆಗಳು. ಪಕ್ಕದಲ್ಲೇ ಹುಟ್ಟುಮಸೂರದ ಕಣ್ಣು ಇದ್ದಾಗ ಆ ವ್ಯತ್ಯಾಸ ದಿನವೂ ಕಣ್ಣಿಗೆ ಹೊಡೆಯುತ್ತದೆ. ಎರಡೂ ಕಣ್ಣಿಗೆ ಹಾಕಿಸಿದವರ ತೃಪ್ತಿಯನ್ನು ಒಂದೇ ಕಣ್ಣಿನವರು ನಿರೀಕ್ಷಿಸಬಾರದು. ಚಾಳೀಸು ಇನ್ನೂ ಬಾರದ ಕಿರಿಯರು ಇದನ್ನು ಪರಿಗಣಿಸಬಹುದು. ರೆಟಿನಾ ತೊಂದರೆ, ಗ್ಲಾಕೋಮಾ, ಒಣಗಣ್ಣು ಇರುವವರು ಬಿಡುವುದು ಲೇಸು. ಸಾದಾ, ಮಲ್ಟಿಫೋಕಲ್ ಇವೆರಡರ ನಡುವೆ ಇಡಾಫ್ ಎಂಬ ಬಗೆ ಇದೆ: ದೂರದಿಂದ ಕಂಪ್ಯೂಟರಿನವರೆಗೆ ಕಾಣುತ್ತದೆ, ಸಣ್ಣ ಅಕ್ಷರಕ್ಕೆ ಚಾಳೀಸು ಬೇಕಾದೀತು.

ಹಂತ 6: ಹಾಕಿಸುವ ಮುಂಚೆ ಹಾಕಿ ನೋಡಿ

ಪೊರೆ ತೀರಾ ದಟ್ಟವಾಗಿಲ್ಲದಿದ್ದರೆ, ಆಪರೇಷನ್ ನಂತರ ಇರಬೇಕಾದ ನಂಬರನ್ನು ಕಾಂಟ್ಯಾಕ್ಟ್ ಲೆನ್ಸ್ ಮೂಲಕ ಒಂದು ವಾರ ಬದುಕಿ ನೋಡಬಹುದು. ಮೊನೋವಿಷನ್ ಬೇಕೆನ್ನುವವರು ಇದನ್ನು ಬಿಡಲೇಬಾರದು. ಎರಡನೇ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ ಎನ್ನುವವರು ಅದನ್ನೂ ಈಗಲೇ ಹಾಕಿ, ತೆಗೆದು ಕಲಿಯಿರಿ.

ಆದರೆ ಕಣ್ಣಿನ ಅಳತೆ ತೆಗೆಸುವ ಮುಂಚೆ ಅದನ್ನು ನಿಲ್ಲಿಸಬೇಕು: ಮೃದು ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರ ಅಥವಾ ಡಾಕ್ಟರು ಹೇಳಿದಷ್ಟು. ಲೆನ್ಸ್ ಒತ್ತಿ ಕಾರ್ನಿಯಾದ ಬಾಗು ಬದಲಾಗಿರುತ್ತದೆ. ಕಣ್ಣಿನ ಉದ್ದದ ಅಳತೆ ಒಂದು ಮಿಲಿಮೀಟರ್ ತಪ್ಪಿದರೆ ನಂಬರ್ ಎರಡೂವರೆಯಿಂದ ಮೂರು ತಪ್ಪುತ್ತದೆ, ಅಷ್ಟು ನಾಜೂಕು. ಎರಡೂ ಕಣ್ಣು ಅಳೆಸಿ. ಒಂದಕ್ಕೊಂದು ತಾಳೆ ನೋಡಲು ಬೇಕು. ಎಲ್ಲ ಸರಿಯಾಗಿ ಮಾಡಿದರೂ ಗುರಿಯಿಂದ ಅರ್ಧ ನಂಬರ್ ಆಚೀಚೆ ಆಗುವುದು ಮಾಮೂಲು.

ಕೊನೆಗೆ ಡಾಕ್ಟರ ಬಾಯಿಂದ ಒಂದು ಮಾತು ಕೇಳಿ ಬರೆಸಿಕೊಳ್ಳಿ: "ಈ ಕಣ್ಣಿಗೆ ಗುರಿ ಇಷ್ಟು." ಬಾಯಿಮಾತಲ್ಲಿ "ಚೆನ್ನಾಗಿ ಕಾಣುತ್ತೆ ಬಿಡಿ" ಅಂದರೆ ಅವರ ಮನಸ್ಸಿನಲ್ಲಿರುವುದು ದೂರ, ನಿಮ್ಮ ಮನಸ್ಸಿನಲ್ಲಿರುವುದು ಪುಸ್ತಕ ಇರಬಹುದು.

ಹಂತ 7: ನಡುವಿನ ವಾರಗಳು

ಕಣ್ಣಿನ ನಂಬರ್ ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅಷ್ಟರೊಳಗೆ ದುಬಾರಿ ಕನ್ನಡಕ ಮಾಡಿಸಬೇಡಿ. ಅಂತರ ಕಡಿಮೆ ಇದ್ದವರು ಹಳೇ ಫ್ರೇಮಿನಲ್ಲಿ ಒಂದು ಕಡೆ ನಂಬರಿಲ್ಲದ ಗಾಜು ಹಾಕಿಸಿ ಕಾಲ ತಳ್ಳಬಹುದು. ಹೆಚ್ಚಿದ್ದವರು ಆಪರೇಷನ್ ಆಗದ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಯಾವಾಗಿನಿಂದ ಹಾಕಬಹುದೆಂದು ಮೊದಲೇ ಕೇಳಿಕೊಂಡಿರಿ. ಡಾಕ್ಟರು ನೋಟ ಪರೀಕ್ಷಿಸಿ ಸರಿ ಅನ್ನುವವರೆಗೆ ಗಾಡಿ ಮುಟ್ಟಬೇಡಿ. ಲೋಟಕ್ಕೆ ನೀರು ಬಗ್ಗಿಸಿದರೆ ಹೊರಗೆ ಬೀಳುವ ದಿನಗಳಿವು. ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿಯಿರಿ.

ಬಣ್ಣ ಬೇರೆ ಕಂಡರೆ ಗಾಬರಿ ಬೇಡ. ಆಪರೇಷನ್ ಕಣ್ಣಿಗೆ ಬಿಳಿ ಬಿಳಿಯಾಗಿ, ನೀಲಿ ಎದ್ದು ಕಾಣುತ್ತದೆ. ಇನ್ನೊಂದಕ್ಕೆ ಅದೇ ಗೋಡೆ ಹಳದಿ ಛಾಯೆ. ಒಂದೊಂದೇ ಕಣ್ಣು ಮುಚ್ಚಿ ನೋಡುವ ಚಟ ನನಗೆ ಮೂರು ತಿಂಗಳು ಬಿಡಲಿಲ್ಲ. ಆದರೆ ನೋವು ಏರುತ್ತಿದ್ದರೆ, ಕಣ್ಣು ಕೆಂಪಾಗಿ ನೋಟ ಇಳಿದರೆ, ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕಿಗಳ ಮಳೆ ಸುರಿದ ಹಾಗೆ, ಪರದೆ ಇಳಿದ ಹಾಗೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಹೊಸ ಕನ್ನಡಕಕ್ಕೆ ಪರೀಕ್ಷೆ ಮಾಡಿಸುವಾಗ ಗಾಜು ಬದಲಿಸಿ ನೋಡುವ ಟ್ರಯಲ್ ಫ್ರೇಮ್ ಹಾಕಿಕೊಂಡು ಕುರ್ಚಿಯಲ್ಲೇ ಕೂರಬೇಡಿ. ಎದ್ದು ಕಾರಿಡಾರಿನಲ್ಲಿ ಹದಿನೈದು ನಿಮಿಷ ಓಡಾಡಿ, ಎರಡು ಮೆಟ್ಟಿಲು ಹತ್ತಿ ಇಳಿದು, ಒಂದು ಪುಟ ಓದಿ ನೋಡಿ. ತಲೆ ಸುತ್ತಿದರೆ ಗಾಜು ಕತ್ತರಿಸುವ ಮುಂಚೆಯೇ ಹೇಳಬಹುದು.

ಆಪರೇಷನ್ ಆದ ಮೇಲೆ ಲೆನ್ಸಿನ ವಿವರದ ಚಿಕ್ಕ ಕಾರ್ಡು ಕೊಡುತ್ತಾರೆ: ಹೆಸರು, ಮಾದರಿ, ಪವರ್. ಅದರ ಹಿಂದೆ ಗುರಿ ಎಷ್ಟಿತ್ತು, ಕೊನೆಗೆ ಬಂದದ್ದು ಎಷ್ಟು ಎಂದು ಪೆನ್ನಲ್ಲಿ ಬರೆದು, ಫೋಟೋ ತೆಗೆದು ಮನೆಯವರಿಗೂ ಕಳಿಸಿಡಿ. ಎರಡನೇ ಕಣ್ಣಿನ ಸರದಿ ಬಂದಾಗ ಡಾಕ್ಟರು ಮೊದಲು ಕೇಳುವುದು ಅದನ್ನೇ. ನನ್ನ ಕಾರ್ಡಿನ ಹಿಂದೆ "ಗುರಿ: ಸೊನ್ನೆ, ಬಂದದ್ದು: ಮೈನಸ್ ಕಾಲು" ಎಂದಿದೆ. ಅದರ ಕೆಳಗೆ ಎಡಗಣ್ಣಿಗೆಂದು ಈಗಲೇ "ಮೈನಸ್ 1.5 ಕೇಳುವುದು" ಎಂದು ಬರೆದಿಟ್ಟಿದ್ದೇನೆ.